ಖಾಲಿ ಡ್ರಮ್ಮಿನ ಹಾಡು

ನಮ್ಮ ಚಿಕ್ಕಪ್ಪ ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವವರು. ಸುತ್ತಿ ಮುಗಿಸಿದ ಮೇಲೆ ಮೋಟಾರಿಗೆ ಕಿವಿಯಿಟ್ಟು ಕೇಳುತ್ತಾರೆ. ಮನುಷ್ಯರ ಮಾತಿಗೆ ಅವರು ಅಷ್ಟು ಕಿವಿಗೊಟ್ಟಿದ್ದನ್ನು ನಾನಂತೂ ಕಂಡಿಲ್ಲ. ಚಿಕ್ಕಮ್ಮ ಇದಕ್ಕೆ ತದ್ವಿರುದ್ಧ. ಅವರು ಅಡುಗೆಮನೆಯಲ್ಲಿ ಬೈದರೆ ಬೀದಿ ಕೊನೆಯ ಇಸ್ತ್ರಿ ಅಂಗಡಿಯವನು ತಾನೇನು ತಪ್ಪು ಮಾಡಿದೆನೆಂದು ಯೋಚಿಸುತ್ತಿದ್ದ. ಅದೇ ಗಂಟಲಲ್ಲಿ ಹಾಡಿದರೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ಕೇಳುತ್ತಿದ್ದ.

ಆ ಗಂಟಲಲ್ಲೊಂದು ಗಂಟು ಕಾಣಿಸಿಕೊಂಡಿತು. ತೆಗೆಯಲೇಬೇಕು, ಜೀವಕ್ಕೇನೂ ಭಯವಿಲ್ಲ, ಆದರೆ ಧ್ವನಿ ಮೊದಲಿನಂತೆ ಇದ್ದೀತೆಂದು ಹೇಳಲಾರೆ ಎಂದರು ಡಾಕ್ಟರು.

ಅಂದಿನಿಂದ ಚಿಕ್ಕಪ್ಪನಿಗೆ ಒಂದೇ ಜಪ. ಆಪರೇಷನ್ನಿಗೆ ಮೊದಲು ಹೆಂಡತಿಯ ಜೋಗುಳವನ್ನು ಹಿಡಿದಿಡಬೇಕು. ಹೇಗೆಂದರೆ ಹಾಗಲ್ಲ, ಹಿಂದಿನ ಹಾಗೇ. ಮದುವೆಯಾದ ಹೊಸದರಲ್ಲಿ, ಚಾಪೆ ಬಿಟ್ಟರೆ ಇನ್ನೇನೂ ಇಲ್ಲದ ಬಾಡಿಗೆ ಕೋಣೆಯಲ್ಲಿ, ಎರಡು ನುಡಿಯ ಆ ಹಾಡನ್ನು ಅವರು ಟೇಪ್ ರೆಕಾರ್ಡರಿನಲ್ಲಿ ಹಾಡಿಸಿಟ್ಟಿದ್ದರು. ಬರಿಗೋಡೆಗೆ ತಾಗಿ ಧ್ವನಿ ಗುಂಯ್ ಎನ್ನುತ್ತಿತ್ತಂತೆ, ಹಿಂದೆ ಕ್ಯಾಸೆಟ್ಟಿನ ಸುಯ್ ಸದ್ದು. ಆ ಕ್ಯಾಸೆಟ್ಟನ್ನು ಅದೇ ಟೇಪ್ ರೆಕಾರ್ಡರ್ ಎಂದೋ ನುಂಗಿ ಹಾಕಿತ್ತು.

"ಫೋನಲ್ಲಿ ಮಾಡೋಣ ಚಿಕ್ಕಪ್ಪ, ಚೆನ್ನಾಗಿ ಬರುತ್ತೆ" ಎಂದೆ.

"ಅದೇ ಕಣಮ್ಮ ತೊಂದರೆ. ಸೋಪು ಹಾಕಿ ತೊಳೆದ ಹಾಗೆ ಬರುತ್ತೆ. ಧ್ವನಿಗೆ ಸ್ವಲ್ಪ ಬೆವರು ಬೇಡ್ವಾ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಅವರು. ಟೇಪ್ ರೆಕಾರ್ಡರಿಗೆ ಹೊಸ ಬೆಲ್ಟ್ ಹಾಕಿ, ಒಳಗೆಲ್ಲ ಸ್ಪಿರಿಟ್ಟಿನಲ್ಲಿ ಒರೆಸಿದರು. ಈಗ ಮನೆ ತುಂಬ ಮಂಚ, ಹಾಸಿಗೆ, ಬಟ್ಟೆ. ಅವೆಲ್ಲ ಸದ್ದನ್ನು ನುಂಗುತ್ತವೆ ಎಂದು ಬೀರು, ಕೊಳಗ, ಬಕೆಟ್ಟುಗಳನ್ನು ಬಡಿದು ನೋಡುತ್ತ ತಿರುಗಿದರು. ಕೊನೆಗೆ ಬಚ್ಚಲಿನ ಕಬ್ಬಿಣದ ಡ್ರಮ್ಮಿನೊಳಗೆ ತಲೆ ತೂರಿಸಿ ಕೂಗಿ, "ಸಿಕ್ತು!" ಎಂದರು.

"ಏನು, ತಲೆ ಸಿಕ್ಕಿಕೊಳ್ತಾ?" ಎಂದು ಚಿಕ್ಕಮ್ಮ ಒಳಗಿನಿಂದಲೇ ಕೇಳಿದರು.

ಡ್ರಮ್ಮು ಖಾಲಿಯಾಗುವುದು ನಲ್ಲಿಯಲ್ಲಿ ನೀರು ಬರುವ ಹಿಂದಿನ ದಿನ ಮಾತ್ರ. ಅದಕ್ಕೆ ಕಾದು, ಒಂದು ಮಧ್ಯಾಹ್ನ ಮೈಕನ್ನು ದಾರ ಕಟ್ಟಿ ಡ್ರಮ್ಮಿನೊಳಗೆ ಇಳಿಬಿಟ್ಟರು. "ನನ್ನ ಹಾಡನ್ನ ಬಚ್ಚಲಿಗೆ ತಂದ್ರಲ್ಲ" ಎಂದು ಗೊಣಗಿಕೊಂಡೇ ಚಿಕ್ಕಮ್ಮ ಬಗ್ಗಿ ಹಾಡತೊಡಗಿದರು. ಮೊದಲ ನುಡಿಗೇ ನನ್ನ ಮೈ ಜುಮ್ಮೆಂದಿತು. ಚಿಕ್ಕಪ್ಪ ಕಣ್ಣುಮುಚ್ಚಿ ನಿಂತಿದ್ದರು.

ಎರಡನೆಯ ನುಡಿ ಎತ್ತಿಕೊಳ್ಳುವಾಗ ನಲ್ಲಿ ಗೊರಗೊರ ಎಂದಿತು. ಒಂದು ದಿನ ಮೊದಲೇ ನೀರು ಬಂದಿತ್ತು. ಚಿಕ್ಕಮ್ಮ ಹಾಡು ನಿಲ್ಲಿಸಲೇ ಇಲ್ಲ. ಹಾಡುತ್ತಲೇ ಪೈಪನ್ನೆತ್ತಿ ಡ್ರಮ್ಮಿಗೆ ಬಿಟ್ಟರು. ಸಂಸಾರ ಮಾಡಿದ ಕೈ, ತಲೆಯನ್ನು ಕೇಳಿ ಕೆಲಸ ಮಾಡುವುದಿಲ್ಲ.

"ಅಯ್ಯೋ, ಮೈಕು!" ಚಿಕ್ಕಪ್ಪ ಹಾರಿ ಬಂದು ದಾರ ಎಳೆದುಕೊಂಡರು. "ಹಾಡೆಲ್ಲ ಹಾಳಾಯ್ತಲ್ಲೇ!"

"ನೀರು ಹೋದ್ರೆ ಮತ್ತೆ ಯಾವತ್ತು ಬರುತ್ತೋ! ಹಾಡು ಎಲ್ಲಿಗೆ ಓಡಿ ಹೋಗುತ್ತೆ?"

ನೀರು ಚೆಲ್ಲಿ ಮತ್ತೆ ಹಾಡಿಸೋಣವೆಂದರೆ ಚಿಕ್ಕಮ್ಮ ಒಪ್ಪಲಿಲ್ಲ. ಹಾಗಾದರೆ ಡ್ರಮ್ಮಿಲ್ಲದೆಯೇ ಹಾಡಲಿ ಎಂದು ನಾನು ಬೇಡಿಕೊಂಡೆ. ಚಿಕ್ಕಪ್ಪ ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. ಡ್ರಮ್ಮು ಮತ್ತೆ ಖಾಲಿಯಾಗಲಿ ಎಂದರು. ಮರುದಿನ ಬೆಳಿಗ್ಗೆಯೇ ಆಸ್ಪತ್ರೆಯಿಂದ ಫೋನು ಬಂತು. ಹಾಸಿಗೆಯೊಂದು ತೆರವಾಗಿದೆ, ಇವತ್ತೇ ಬಂದು ಸೇರಿ ಎಂದರು. ಚಿಕ್ಕಪ್ಪನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಗಂಟೇನೋ ಹೋಯಿತು, ಜೊತೆಗೆ ಧ್ವನಿಯೂ ಹೋಯಿತು. ಉಳಿದದ್ದು ಒರಟಾದ, ಅಲ್ಲಲ್ಲಿ ಹರಿದ ಪಿಸುಮಾತು. ಊಟಕ್ಕೆ ಕರೆಯಲು ಚಿಕ್ಕಮ್ಮ ತಟ್ಟೆಯ ಮೇಲೆ ಸೌಟು ಬಡಿಯತೊಡಗಿದರು. "ನಿಮ್ಮ ಚಿಕ್ಕಮ್ಮ ಊರಲ್ಲಿಲ್ವಾ?" ಎಂದು ಇಸ್ತ್ರಿ ಅಂಗಡಿಯವನು ನನ್ನನ್ನು ಕೇಳಿದ. ನನಗೆ ಅಳು ಬಂತು.

ಬಚ್ಚಲಿನಲ್ಲಿ ಹಿಡಿದ ಆ ಅರ್ಧ ಹಾಡಿನ ಕ್ಯಾಸೆಟ್ಟನ್ನು ಚಿಕ್ಕಪ್ಪ ತಂತಿ ಸುರುಳಿಗಳ ಹಿಂದೆ ಬಚ್ಚಿಟ್ಟಿದ್ದರು. ಅದು ಚಿಕ್ಕಮ್ಮನಿಗೆ ಗೊತ್ತಿಲ್ಲದ ಸಂಗತಿಯೇ? ಒಂದು ದಿನ ತಾವೇ ತಂದು ಮುಂದಿಟ್ಟರು. "ಹಾಕ್ರಿ."

ಮೊದಲ ನುಡಿ ತುಂಬಿದ ಗಂಟಲಲ್ಲಿ, ಗುಂಯ್ ಎನ್ನುತ್ತ ಬಂತು. ಎರಡನೆಯದು ಶುರುವಾಗುತ್ತಲೇ ನೀರಿನ ಸದ್ದು, ಚಿಕ್ಕಪ್ಪನ ಕೂಗಾಟ. ಕೊನೆಗೆ ಬೀದಿಗೆಲ್ಲ ಕೇಳುವ ಆ ಹಳೆಯ ಬೈಗುಳ: ಹಾಡು ಎಲ್ಲಿಗೆ ಓಡಿ ಹೋಗುತ್ತೆ?

ಚಿಕ್ಕಪ್ಪ ಮುಖ ಮುಚ್ಚಿಕೊಂಡು ಅತ್ತರು. "ನನ್ನ ಹಠದಿಂದ ಹೀಗಾಯ್ತು ಕಣೇ. ಇದ್ದಾಗಲೇ ಪೂರ್ತಿ ಹಾಡಿಸಿಕೊಂಡಿದ್ರೆ..."

ಚಿಕ್ಕಮ್ಮ ಟೇಪ್ ರೆಕಾರ್ಡರ್ ನಿಲ್ಲಿಸಿದರು. ಆಮೇಲೆ, "ಅದು ಹಾಗೇ ಇರ್ಲಿ. ಎರಡನೇ ನುಡಿ ಈಗ ಹಾಡ್ತೀನಿ" ಎಂದರು.

"ಈ ಗಂಟಲಲ್ಲಾ?"

"ಹಳೇ ಸದ್ದು, ಬೆವರಿರೋ ಸದ್ದು ಅಂತ ಕುಣಿದ್ರಲ್ಲ. ಇದಕ್ಕಿಂತ ಹಳೇದು ಎಲ್ಲಿ ಸಿಗುತ್ತೆ?"

ಚಿಕ್ಕಪ್ಪ ಕಣ್ಣೊರೆಸಿಕೊಂಡು ಮೈಕು ತಂದರು. ಬಚ್ಚಲ ಬಾಗಿಲಲ್ಲಿ ಹಾಗೇ ನಿಂತುಬಿಟ್ಟರು. ಬೆಳಿಗ್ಗೆ ತಾನೇ ನೀರು ಬಂದಿತ್ತು, ಡ್ರಮ್ಮು ಕಂಠಮಟ್ಟ ತುಂಬಿತ್ತು. "ನಾಳಿದ್ದು ಮಾಡೋಣ್ವಾ?" ಎಂದು ಅಳುಕುತ್ತ ಕೇಳಿದರು.

ಕೈ ತೊಳೆಯಲು ಒಂದು ಚೊಂಬು ನೀರು ಹೆಚ್ಚು ಸುರಿದರೂ ರೇಗುವ ಚಿಕ್ಕಮ್ಮ ಸೆರಗು ಸಿಕ್ಕಿಸಿಕೊಂಡು ಬಂದು, ಡ್ರಮ್ಮಿನ ಅಂಚಿಗೆ ಎರಡೂ ಕೈ ಕೊಟ್ಟರು.

"ಹಿಡೀರಿ, ಚೆಲ್ಲೋಣ."