ಬಾಲ್ಕನಿಗೆ ಬಂದ ನಾಲೆ ನೀರು

ಆರನೇ ಬಕೆಟ್ಟಿನ ಟೊಮೆಟೊ ಗಿಡವೂ ಹಳದಿಯಾಯಿತು.

ಮಳವಳ್ಳಿಯ ನಮ್ಮ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಇರುವುದೇ ಎಂಟು ಹಳೇ ಪೇಂಟ್ ಬಕೆಟ್. ಬೇವಿನೆಣ್ಣೆ ಹೊಡೆದೆ, ಗೊಬ್ಬರ ಬದಲಿಸಿದೆ, ಗಾರ್ಡನಿಂಗ್ ಗ್ರೂಪಿಗೆ ಫೋಟೋ ಹಾಕಿದೆ. ಒಬ್ಬೊಬ್ಬರು ಒಂದೊಂದು ರೋಗದ ಹೆಸರು ಹೇಳಿದರು...

ನಮ್ಮತ್ತೆ ಮಾತ್ರ ನೇರವಾಗಿ ಹೇಳಿದರು. "ನಿನ್ ಕೈಗುಣ ಸರಿಯಿಲ್ಲ ಕಣವ್ವ."

ಅತ್ತೆ ಹಲಗೂರು ಕಡೆಯವರು, ಗದ್ದೆಯಲ್ಲೇ ಬದುಕಿದವರು. ಮಂಡಿ ಆಪರೇಷನ್ ಆದಮೇಲೆ ಡಾಕ್ಟರು ಕೆಸರಿಗೆ ಇಳಿಯಲೇಬೇಡಿ ಅಂದರು, ಅದಕ್ಕೆ ನಮ್ಮ ಜೊತೆ ಬಂದರು.

ಬಂದಾಗಿನಿಂದ ಒಂದೇ ರಾಗ. "ಇಲ್ಲಿ ನಂಗೇನ್ ಕೆಲ್ಸ? ಊರ್ಗೆ ಓಯ್ತೀನಿ ಬುಡು."

ಹೋದರೆ ಗದ್ದೆಗೆ ಇಳಿಯದೇ ಇರುವವರಲ್ಲ. ನನಗೆ ನಿಜವಾಗಿ ಭಯ ಇದ್ದದ್ದು ಅದೇ.

ಅದಕ್ಕೇ ಗಿಡಕ್ಕೆ ನೀರು ಹಾಕುವ ಕೆಲಸ ಅವರಿಗೆ ವಹಿಸಿದೆ. ಊರಿನ ಮಾತು ನಿಂತಿತು.

ಎರಡು ತಿಂಗಳ ಹಿಂದೆ ಒಂದು ದಿನ ನಾನು ಕೆಲಸ ಮಾಡುವ ಸ್ಕೂಲಿಗೆ ರಜೆ. ಮನೆಯಲ್ಲೇ ಇದ್ದೆ.

ನಲ್ಲಿಯಲ್ಲಿ ನೀರು ಬಂದದ್ದೇ ತಡ, ಅತ್ತೆ ಸೆರಗು ಸಿಕ್ಕಿಸಿಕೊಂಡು ಪೈಪ್ ಹಿಡಿದರು. ಎಂಟು ಬಕೆಟ್ಟಿಗೂ ಅಂಚಿನ ತನಕ ನೀರು, ಭತ್ತದ ಗದ್ದೆಗೆ ಕಟ್ಟಿದ ಹಾಗೆ.

ಬಗ್ಗಿ ನೋಡ್ತೀನಿ, ತಳದಲ್ಲಿ ನಾನು ಕೊರೆಸಿದ್ದ ತೂತಿಗೆಲ್ಲ ಚಿಂದಿ ಬಟ್ಟೆ ತುರುಕಿದ್ದಾರೆ.

"ಇದ್ಯಾಕತ್ತೆ?"

"ನೀರೆಲ್ಲ ಸೋರೋಯ್ತಿತ್ತು, ಮುಚ್ದೆ. ಬಂದಾಗ ಕಟ್ಕಳ್ದೆ ಬುಟ್ರೆ ಇನ್ನ್ ನಮ್ ಸರದಿ ಯಾವಾಗ್ಲೋ."

ನಾಲೆ ನೀರಿಗೆ ಸರದಿ ಕಾಯುವ ಕೊನೆ ಗದ್ದೆಯವರ ಲೆಕ್ಕಾಚಾರ ಅದು. ನನ್ನ ಟೊಮೆಟೊ ಬೇರು ಕೊಳೆತು ಸತ್ತಿದ್ದವು.

ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಬಾಯಿ ಬಿಟ್ಟರೆ ಮಾರನೇ ದಿನ ಅವರು ಹಲಗೂರು ಬಸ್ಸಿನಲ್ಲಿ ಇರುತ್ತಾರೆ. ಒಳಗೆ ಹೋಗಿ ಕಾಫಿಗೆ ಇಟ್ಟೆ.

ಸಂಜೆ ಕೆಸುವಿನ ಗೆಡ್ಡೆ ತಂದು ಅತ್ತೆ ಕೈಯಲ್ಲೇ ನೆಡಿಸಿದೆ. ನೀರು ನಿಂತರೂ ಕೆಸುವಿಗೆ ಏನೂ ಆಗೋದಿಲ್ಲ.

ಈಗ ಎಲೆ ಮೊರದಗಲ ಬಂದಿವೆ. ಅತ್ತೆ ಪಕ್ಕದ ಮನೆಯವರನ್ನು ಕರೆದು ತೋರಿಸುತ್ತಾರೆ. "ಇವ್ಳು ನೆಟ್ಟಿದ್ದೆಲ್ಲ ಸತ್ತೋಯ್ತು. ಇದ್ ನಾನ್ ನೆಟ್ಟಿದ್ದು, ನೋಡಿ ಎಂಗದೆ."

ನಾನು ಹೂಂ ಅಂತೀನಿ.

ಮೊನ್ನೆ ಊರಿಂದ ಅವರ ತಂಗಿಯ ಫೋನ್, ನಾಟಿಗೆ ಬಾ ಅಂತ. ನಾನು ಒಳಗಿಂದಲೇ ಕಿವಿಗೊಟ್ಟು ಕೇಳುತ್ತಿದ್ದೆ.

"ಎಂಗ್ ಬರ್ಲವ್ವ? ಇಲ್ಲಿ ನಂದು ನೀರಿನ್ ಸರದಿ ಅದೆ."

ನನ್ನ ಕೈಗುಣ ಕೆಟ್ಟದ್ದೇ ಆಗಿರಲಿ... ಇದನ್ನು ಓದಿದವರು ಯಾರೂ ನಮ್ಮತ್ತೆಗೆ ಹೇಳಬೇಡಿ.