ಕುತ್ತಿಗೆ ಲಟಿಕೆ ಮುರಿದ ದಿನ

ಕಳೆದ ವಾರ ಸಿಂಧನೂರಿನ ಸಲೂನಿನಲ್ಲಿ ನಾನು ಚೀರಿಬಿಟ್ಟೆ. ಕಟಿಂಗ್ ಮುಗಿಸಿದವನು ಕುತ್ತಿಗೆ ಲಟಿಕೆ ಮುರಿಯಲೆಂದು ನನ್ನ ಗದ್ದಕ್ಕೊಂದು, ನೆತ್ತಿಗೊಂದು ಕೈ ಹಚ್ಚಿದ್ದ, ಅಷ್ಟೇ.

'ಯಾಕ್ರಿ ಸರ, ಲಟಿಕಿ ಪುಕ್ಕಟ ಐತ್ರಿ!' ಅಂದ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು.

ನಗಲಿ. ಅವರು ನಮ್ಮ ಗಂಗಕ್ಕನನ್ನು ನೋಡಿಲ್ಲ.

ಗಂಗಕ್ಕ ನನ್ನ ಒಡಹುಟ್ಟಿದವಳು. ಮಸ್ಕಿಯಲ್ಲಿ ಮನೆ. ಅವಳು ಹೊಲಿದ ಜಂಪರ್‌ಗೆ ಊರೆಲ್ಲ ಗಿರಾಕಿ. (ಮದುವೆ ಸೀಸನ್ನಿನಲ್ಲಿ ಅವಳ ಜೊತೆ ಮಾತಾಡಲೂ ಪಾಳಿ ಹಚ್ಚಬೇಕಿತ್ತು.) ಆದರೆ ಮೈಗ್ರೇನ್ ಬಂತೆಂದರೆ ಮುಗಿಯಿತು. ಅರ್ಧ ತಲೆ ಸಿಡಿಯುತ್ತಿತ್ತು. ಬಾಗಿಲು ಹಾಕಿಕೊಂಡು ಗೋಡೆಗೆ ಮುಖ ಮಾಡಿ ಮಲಗುವಳು. ಗುಳಿಗೆ ನುಂಗಿ ನುಂಗಿ ಹೊಟ್ಟೆಯೂ ಕೆಟ್ಟಿತ್ತು.

ಲಿಂಗಸುಗೂರಿನಲ್ಲಿ ಎಲುಬು ಕೂಡಿಸುವವನೊಬ್ಬನಿದ್ದ. ಕುತ್ತಿಗೆ ತಿರುವಿ ತಲೆನೋವು ಇಳಿಸುತ್ತಾನೆಂದು ಹೆಸರು. (ಫಾರಿನ್ನಿನಲ್ಲಿ ಇದಕ್ಕೆ ಕೈರೋಪ್ರಾಕ್ಟಿಕ್ ಅನ್ನುತ್ತಾರಂತೆ, ಕಲಿಯಲು ಕಾಲೇಜುಗಳೂ ಇವೆಯಂತೆ. ಇವನಿಗೆ ಒಂದು ಸ್ಟೂಲು ಸಾಕಾಗಿತ್ತು.) ಮೊದಲ ಸಲ ಹೋದಾಗ ಅಕ್ಕ ನಗುತ್ತಾ ಬಂದಳು.

'ತಲಿ ಹತ್ತಿಯಂಗ ಹಗುರ ಆಗೇತೋ ತಮ್ಮಾ!'

ಕಂಡವರಿಗೆಲ್ಲ ಹೇಳಿದಳು. ಯಾಕೆ ಹೇಳಬಾರದು? ವರ್ಷಗಟ್ಟಲೆ ನರಳಿದವಳು.

ಕೆಲವು ತಿಂಗಳಿಗೆ ನೋವು ಮರಳಿತು. ಮತ್ತೆ ಅದೇ ಸ್ಟೂಲು. ಈ ಸಲ ಜೋರಾಗಿ ತಿರುವಿದ. ವಾಪಸ್ ಬರುವಾಗ ಬಸ್ಸಿನಲ್ಲೇ ವಾಂತಿ. 'ಯಾಕೋ ಎಲ್ಲಾ ಎರಡೆರಡು ಕಾಣಾಕತ್ತೈತ್ರಿ' ಎಂದು ಭಾವನ ಭುಜ ಹಿಡಿದಳಂತೆ. ಮಸ್ಕಿಯಲ್ಲಿ ಇಳಿಯುವ ಹೊತ್ತಿಗೆ ನಾಲಿಗೆ ತೊದಲುತ್ತಿತ್ತು. ಬಲಗೈ ಜೋತುಬಿದ್ದಿತ್ತು.

'ಕುತ್ತಿಗಿ ಒಳಗಿನ ರಕ್ತನಾಳ ಹರಿದಂಗ ಕಾಣ್ತೈತಿ. ಮಿದುಳಿಗೆ ಪೆಟ್ಟು ಬಿದ್ದೈತಿ. ತಿರುವಿದ್ದಕ್ಕ ಆಗಿರಬಹುದು' ಎಂದರು ರಾಯಚೂರಿನ ಡಾಕ್ಟರು. 'ಬಹುದು' ಅಷ್ಟೇ. ಅದಕ್ಕಿಂತ ಖಾತ್ರಿಯಾಗಿ ಯಾರೂ ಹೇಳಲಿಲ್ಲ.

ಭಾವ ಲಿಂಗಸುಗೂರಿಗೆ ಹೋಗಿ ಜಗಳ ತೆಗೆದರು. 'ಬ್ಯಾನಿ ಮೊದಲ ಇತ್ತಲ್ರಿ, ನಾ ಏನ್ ಮಾಡ್ಲಿ?' ಅಂದವನೇ ಮುಂದಿನ ರೋಗಿಯನ್ನು ಕರೆದನಂತೆ.

ಅಕ್ಕ ಉಳಿದಳು. ಕೈ ಉಳಿಯಲಿಲ್ಲ. ಹೊಲಿಗೆ ಮಿಷನ್ ಮಾರಿದ ದಿನ ಅವಳು ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ತಲೆನೋವು? ಅದು ಈಗಲೂ ಬರುತ್ತದೆ.

ಸಲೂನಿನ ರಂಪಾಟದ ಮರುದಿನ ಅಕ್ಕನ ಮನೆಗೆ ಹೋಗಿದ್ದೆ. ಬಳಗಾನೂರಿನ ಹೆಣ್ಣುಮಗಳೊಬ್ಬಳು ಬಂದು ಕುಳಿತಿದ್ದಳು, ಬೆಳಕಿಗೆ ಕಣ್ಣು ಬಿಡಲಾರದೆ. ಅವಳಿಗೂ ಅದೇ ಬೇನೆ. ಅಕ್ಕ ತೊದಲುತ್ತಲೇ ಎಲ್ಲವನ್ನೂ ಹೇಳಿದಳು. ಆಕೆ ಅಕ್ಕನ ಸತ್ತ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

'ಅಲ್ರಿ ಯಕ್ಕಾ, ಮೊದಲನೇ ಸಲ ಆರಾಮ ಆಗಿತ್ತಲ್ಲ? ಅವನ ಮನಿ ಬಸ್ ಸ್ಟ್ಯಾಂಡಿಂದ ಯಾವ ಕಡೆ ಬರ್ತೈತ್ರಿ?'