ಕಲಾಯಿ ಹಾಕಿಸುವವರ ಫೈಲು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅತ್ತೆ ಹೇಳುವುದುಂಟು. ಸುಳ್ಳೇನಲ್ಲ. ಅದರಲ್ಲೂ ನಾನು ಎಣಿಸಿದ್ದನ್ನು ಯಾರಾದರೂ ತಪ್ಪು ಅಂದರೆ ಮುಗಿಯಿತು, ಆ ದಿನ ನಮ್ಮ ಮನೆಯ ಸಾರಿಗೂ ಖಾರ ಜಾಸ್ತಿ.

ಎರಡು ಸಾವಿರದ ಇಸವಿ ಕಳೆದು ಸ್ವಲ್ಪ ಸಮಯವಾಗಿತ್ತು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹತ್ತಿರ, ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಾವು ಕೆಲವರು ಅಂಗಡಿ, ಲಾಡ್ಜುಗಳಿಗೆ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ನಮಗೆ ಕೆಲಸ ಕೊಡುತ್ತಿದ್ದ ಮಂಗಳೂರಿನ ಕಂಪನಿ ಒಂದು ದಿನ ಹೊಸ ನಿಯಮ ತಂದಿತು. ಇನ್ನು ಮುಂದೆ ಸಾಫ್ಟ್‌ವೇರಿನ ಗಾತ್ರವನ್ನು ಫಂಕ್ಷನ್ ಪಾಯಿಂಟ್ ಲೆಕ್ಕದಲ್ಲಿ ಅಳೆಯಬೇಕಂತೆ. ಎಷ್ಟು ಸಾಲು ಬರೆದಿರಿ ಎಂದು ಕೇಳುವುದಿಲ್ಲ. ಬಳಸುವವರಿಗೆ ಅದು ಏನೇನು ಮಾಡಿಕೊಡುತ್ತದೆ ಎಂದು ಎಣಿಸುವ ಪದ್ಧತಿ ಅದು. ಮೊದಲು ಎಣಿಸಬೇಕಾದದ್ದು ಮಾಹಿತಿಯ ಫೈಲುಗಳನ್ನು. ಆ ಕೆಲಸ ನನ್ನ ತಲೆಗೆ ಬಂತು.

ಒಂದು ಸಾಫ್ಟ್‌ವೇರನ್ನು ಎಣಿಸಿ ತೋರಿಸಬೇಕು, ಮಂಗಳೂರಿನಿಂದ ಒಬ್ಬರು ಮೇಡಂ ಬಂದು ಪರೀಕ್ಷಿಸುತ್ತಾರೆ. ಲೆಕ್ಕ ಸರಿಯಾದರೆ ಎಣಿಸುವ ಕೆಲಸ ನಮ್ಮ ಮಾಳಿಗೆಯಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಅದು ಮಂಗಳೂರಿಗೆ ಹೋಗುತ್ತದೆ, ಅದರ ಹಿಂದೆ ನಾನೂ. ಪುತ್ತಿಗೆಯ ನಮ್ಮ ಮನೆಯಿಂದ ಮಂಗಳೂರೆಂದರೆ ಎರಡು ಬಸ್ಸು. ಮಗಳು ಆಗಷ್ಟೇ ಗೋಡೆ ಹಿಡಿದು ನಿಲ್ಲಲು ಕಲಿಯುತ್ತಿದ್ದಳು. ಅವಳು ಏಳುವ ಮೊದಲು ಹೊರಟು ಮಲಗಿದ ಮೇಲೆ ಬರುವುದು ನನ್ನಿಂದ ಆಗುವ ಮಾತಲ್ಲ. ಹಾಗೇನಾದರೂ ಆದರೆ ಕೆಲಸ ಬಿಡುವುದೆಂದು ನಿರ್ಧರಿಸಿದ್ದೆ. ಆದರೆ ಆ ಕೆಲಸ ನನಗೆ ತುಂಬ ಇಷ್ಟವಿತ್ತು.

ಎಣಿಸಲು ಸಿಕ್ಕಿದ್ದು ಕಲ್ಲಡ್ಕದ ಪಾತ್ರೆ ಬಾಡಿಗೆ ಅಂಗಡಿಗೆ ನಾವೇ ಬರೆದುಕೊಟ್ಟ ಸಾಫ್ಟ್‌ವೇರ್. ಕಂಪ್ಯೂಟರಿನಲ್ಲಿ ಕಂಡ ಫೈಲುಗಳನ್ನೆಲ್ಲ ಎಣಿಸಿ ಗೆದ್ದವಳಂತೆ ನಮ್ಮ ಆಫೀಸು ನಡೆಸುತ್ತಿದ್ದ ಸರ್ ಮುಂದಿಟ್ಟೆ. ಅವರು ನಿಯಮದ ಪುಸ್ತಕ ತೆರೆದು, "ಕಂಪ್ಯೂಟರಿನ ಲೆಕ್ಕ ಅಲ್ಲ ಮಾರಾಯ್ರೆ, ಅಂಗಡಿಯವರ ಕಣ್ಣಿಗೆ ಒಂದು ಅಂತ ಕಾಣುವುದು ಒಂದು ಫೈಲು. ಒಮ್ಮೆ ಹೋಗಿ ನೋಡಿ ಬನ್ನಿ" ಅಂದರು. ಮೂಗಿನ ತುದಿ ಕೆಂಪಾಯಿತು. ಆದರೂ ಬಿ.ಸಿ.ರೋಡಿನಲ್ಲಿ ಬಸ್ ಬದಲಿಸಿ ಕಲ್ಲಡ್ಕಕ್ಕೆ ಹೋದೆ.

ಅಂಗಡಿಯ ಯಜಮಾನರನ್ನು ಊರೆಲ್ಲ ಕಾಕ ಎನ್ನುತ್ತಿತ್ತು. ಅವತ್ತು ಬೆಳ್ತಂಗಡಿಯ ಮದುವೆಯೊಂದಕ್ಕೆ ಪಾತ್ರೆ ಲಾರಿಗೆ ಏರುತ್ತಿತ್ತು. ಕಾಕ ಒಂದೊಂದನ್ನೂ ಕೂಗಿ ಹೇಳುತ್ತಿದ್ದರು. "ಕೊಪ್ಪರಿಗೆ ಒಂದು" ಅಂದರೆ ಅದರ ಮುಚ್ಚಳವೂ ಸೌಟೂ ಕೂಗದೆಯೇ ಏರುತ್ತಿದ್ದವು. ನಾವು ಮುಚ್ಚಳಕ್ಕೆ ಬೇರೆ ಫೈಲು, ಸೌಟಿಗೆ ಬೇರೆ ಫೈಲು ಮಾಡಿದ್ದೆವು. ಅಲ್ಲೇ ನಿಂತು ಆ ಮೂರನ್ನೂ ಒಂದು ಮಾಡಿದೆ. ಖುಷಿಯಾಯಿತು.

ಕೊಪ್ಪರಿಗೆಗಳ ಕಿವಿಯ ಮೇಲೆ ಬಣ್ಣದ ಗೀಟುಗಳಿದ್ದವು. ಹಸಿರು ಕಾಕನದ್ದು, ನೀಲಿ ಬಂಟ್ವಾಳದಲ್ಲಿ ಇದೇ ವ್ಯಾಪಾರ ಮಾಡುವ ಅವರ ಭಾವನದ್ದು. ಮದುವೆ ಸೀಸನ್ನಿನಲ್ಲಿ ಇಬ್ಬರ ಪಾತ್ರೆಗಳೂ ಒಂದೇ ಲಾರಿಯಲ್ಲಿ ಹೋಗುತ್ತಿದ್ದವು. ಭಾವನ ಪಾತ್ರೆಗಳ ಪಟ್ಟಿ ಬೆಳಿಗ್ಗೆ ಫ್ಲಾಪಿಯಲ್ಲಿ ಬರುತ್ತಿತ್ತು, ಅದನ್ನು ನೋಡಿಯೇ ಕಾಕ ಆರ್ಡರ್ ಹಿಡಿಯುವುದು. ನೀಲಿಯದ್ದನ್ನು ತೋರಿಸಿ ಕೇಳಿದ್ದಕ್ಕೆ, "ಅದೂ ನಮ್ಮದೇ ಅಕ್ಕಾ" ಅಂದರು. ನಮ್ಮ ಕಡೆ ಊಟದ ಮನೆಗೆ ಬಂದ ಪಾತ್ರೆಯನ್ನು ಬೇರೆಯವರದ್ದು ಎನ್ನುವ ಕ್ರಮವೇ ಇಲ್ಲ. ನಿಯಮದ ಪುಸ್ತಕದಲ್ಲಿ ಒಳಗಿನ ಫೈಲು, ಹೊರಗಿನ ಫೈಲು ಎಂದು ಎರಡು ಬಗೆ. ನಾನೂ ಆ ಪಟ್ಟಿಯನ್ನು ನಮ್ಮ ಒಳಗಿನ ಫೈಲು ಎಂದು ಬರೆದುಕೊಂಡೆ.

ಪರೀಕ್ಷೆಯ ದಿನ ಮೇಡಂ ತಣ್ಣಗಿನ ದನಿಯಲ್ಲಿ ಒಂದೊಂದೇ ಕೇಳುತ್ತಾ ಹೋದರು. ಮುಚ್ಚಳದ ಲೆಕ್ಕಕ್ಕೆ ತಲೆಯಾಡಿಸಿದರು. ಭಾವನ ಪಟ್ಟಿ ಬಂದಾಗ ಪೆನ್ನು ನಿಂತಿತು.

"ಇದು ಬ್ಯಾಕಪ್ ಅಲ್ವಾ? ಅಂಗಡಿಯ ಪಟ್ಟಿಯ ಹಾಗೆಯೇ ಉಂಟು. ಬ್ಯಾಕಪ್ ಎಣಿಸ್ಲಿಕ್ಕಿಲ್ಲ" ಎಂದು ಅಡ್ಡಗೆರೆ ಎಳೆದರು.

"ಬ್ಯಾಕಪ್ ಅಲ್ಲ ಮೇಡಂ, ನಮ್ಮದೇ ಫೈಲು!"

ನನ್ನ ದನಿ ಕೆಳಗಿನ ಬಟ್ಟೆ ಅಂಗಡಿಗೂ ಕೇಳಿರಬೇಕು. ಸರ್ ನನ್ನನ್ನೇ ನೋಡಿದರು. ಕೆಲಸ ಹೋಯಿತು ಅಂದುಕೊಂಡೆ.

"ನಿಮ್ಮದು ಹೇಗೆ? ಇದನ್ನು ತಿದ್ದುವುದು ಯಾರು?" ಮೇಡಂ ಕೇಳಿದರು.

ಆಗ ನೆನಪಾಯಿತು. ಕಲ್ಲಡ್ಕಕ್ಕೆ ಹೋದ ದಿನ ಅಂಗಡಿಯ ಹಿತ್ತಿಲಿನಲ್ಲಿ, ಪಾತ್ರೆಗೆ ತವರದ ಲೇಪ ಕೊಡುವ ಕಲಾಯಿಯವನು ಕುಲುಮೆ ಹಚ್ಚಿ ಕೂತಿದ್ದ. ಕಾಕ ಹಸಿರು ಗೀಟಿನ ಪಾತ್ರೆಗಳನ್ನು ಅವನ ಮುಂದೆ ಇಡಿಸಿ, ನೀಲಿಯವನ್ನು ಹಾಗೇ ಬದಿಗೆ ಸರಿಸಿದ್ದರು. ಅವುಗಳ ಕಲಾಯಿ ಬಂಟ್ವಾಳದಲ್ಲೇ. ನೋಡಿದ್ದೆ, ಆದರೆ ಕಲಾಯಿ ಹಾಕಿಸುವವರದ್ದೇ ಪಾತ್ರೆ ಎನ್ನುವುದು ತಲೆಗೆ ಹೋಗಿರಲಿಲ್ಲ.

"ನಮ್ಮದಲ್ಲ ಮೇಡಂ" ಅಂದೆ. ಜೀವನದಲ್ಲಿ ನಾನು ಅಷ್ಟು ಬೇಗ ಸೋತದ್ದು ಅದೇ ಮೊದಲು. "ಅದು ಬಂಟ್ವಾಳದವರ ಪಟ್ಟಿ. ತಿದ್ದುವುದು ಅವರೇ, ಅವರ ಕಂಪ್ಯೂಟರಿನಲ್ಲಿ. ಆದ್ರೆ ಅದನ್ನು ನೋಡದೆ ಕಲ್ಲಡ್ಕದಲ್ಲಿ ಒಂದು ಮದುವೆಯ ಆರ್ಡರ್ ಸಹ ಹಿಡೀಲಿಕ್ಕೆ ಆಗುವುದಿಲ್ಲ. ಹೊರಗಿನ ಫೈಲು ಅಂತ ಎಣಿಸ್ಬೇಕು. ಬಿಡ್ಲಿಕ್ಕೆ ಆಗುವುದಿಲ್ಲ." ಆಮೇಲೆ ಕಲಾಯಿಯ ಕತೆಯನ್ನೂ ಹೇಳಿದೆ.

ಮೇಡಂ ಪುಸ್ತಕ ತಿರುವಿ ನೋಡಿದರು. ಬೇರೆಯವರು ನೋಡಿಕೊಳ್ಳುವ, ನಾವು ಓದುವ ಫೈಲಿಗೂ ಅಲ್ಲಿ ಜಾಗವಿತ್ತು, ಸ್ವಲ್ಪ ಕಡಿಮೆ ತೂಕದಲ್ಲಿ. ತಾವೇ ಎಳೆದ ಅಡ್ಡಗೆರೆಯ ಪಕ್ಕದಲ್ಲಿ ಹೊಸದಾಗಿ ಬರೆದು, "ನೀವು ಇಲ್ಲೇ ಇರಿ. ಮುಂದಿನದ್ದನ್ನೂ ಕಳಿಸ್ತೇನೆ" ಅಂದರು. ಸರ್ ಎಲ್ಲರಿಗೂ ಗೋಳಿಬಜೆ ತರಿಸಿದರು. ನಾನು ಮಾತ್ರ ನನ್ನ ಪಾಲನ್ನು ಕಟ್ಟಿಸಿಕೊಂಡು ಬಸ್ಸಿಗೆ ಓಡಿದೆ.

ಮನೆ ಮುಟ್ಟುವಾಗ ಇನ್ನೂ ಬೆಳಕಿತ್ತು. ಅತ್ತೆ ಮಗಳ ಮೈಗೆ ಎಣ್ಣೆ ಹಚ್ಚಿ ಮುಗಿಸಿ, ಬಚ್ಚಲಿಗೆ ಎತ್ತಿಕೊಂಡು ಹೊರಟಿದ್ದರು. ನನ್ನ ಮುಖ ನೋಡಿಯೇ ಅವರಿಗೆ ವಿಷಯ ಗೊತ್ತಾಯಿತು.

"ಮಂಗಳೂರು ಇಲ್ಲ ಅಲ್ವಾ?"

"ಇಲ್ಲ."

"ಹಾಗಾದ್ರೆ ಹಿಡಿ. ನನಗೆ ಸೊಂಟ ನೋವು" ಎಂದು ಮಗುವನ್ನು ನನ್ನ ಕೈಗೆ ದಾಟಿಸಿದರು. ಅತ್ತೆಗೆ ಸೊಂಟ ನೋವು ಇರಲಿಲ್ಲ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಣ್ಣೆಯಿಂದ ಜಾರುತ್ತಿದ್ದ ಮಗಳನ್ನು ಗಟ್ಟಿಯಾಗಿ ಹಿಡಿದು, ಅವತ್ತು ನಾನೇ ಮೀಯಿಸಿದೆ.